ಬೇಸಿಗೆಯಲ್ಲಿ ಅಕ್ರಿಲಿಕ್ ಬಣ್ಣ ಗಟ್ಟಿಯಾಗುತ್ತಿದೆ, ಬಾಟಲಿಗೇ ನೀರು ಬೆರೆಸಿಡಬಹುದಾ?

ಬೇಡ, ದಯವಿಟ್ಟು ಬೇಡ. ಹುಬ್ಬಳ್ಳಿ ಬಿಸಿಲಿಗೆ ಬಣ್ಣ ದಪ್ಪಗಾಗುತ್ತಿದೆ, ಎಲ್ಲ ಬಾಟಲಿಗೂ ಒಮ್ಮೆಲೇ ನೀರೋ ಥಿನ್ನರೋ ಹಾಕಿ ತೆಳು ಮಾಡಿ ಇಡಲಾ, ಯಾವ ಥಿನ್ನರ್ ಕೊಳ್ಳಲಿ ಅಂತ ಕೇಳಿದ್ದೀರಿ. ಇದನ್ನೇ ನಾನು ಮಾಡಿ ಕೂತಿದ್ದೆ.

ಆಗ ಬೆಂಗಳೂರಿನ ಒಬ್ಬರಿಗೆ ಬೋರ್ಡ್ ಗೇಮ್ ಬೊಂಬೆಗಳಿಗೆ ಬಣ್ಣ ಹಚ್ಚಿ ಕೊಡಲು ಒಪ್ಪಿದ್ದೆ. 28 ಎಂಎಂ ಬೊಂಬೆಗಳು, ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟೇ ಎತ್ತರ. ನನ್ನ ಕೆಲಸದ ಕೋಣೆ ಮಾಳಿಗೆ ಮೇಲೆ, ತಗಡಿನ ಚಾವಣಿ. ಏಪ್ರಿಲ್ ಮಧ್ಯಾಹ್ನ ಅಲ್ಲಿ ಕೂತರೆ ಬ್ರಶ್ ತುದಿಯಲ್ಲೇ ಬಣ್ಣ ಒಣಗುತ್ತಿತ್ತು. ಪ್ರತಿ ಸಲ ಪ್ಯಾಲೆಟ್ ಮೇಲೆ ನೀರು ಬೆರೆಸುವುದು ಬೇಸರವಾಯಿತು. ವಯೆಹೋ ಕಂಪನಿಯ 17 ಎಂಎಲ್ ಹನಿ ಬಾಟಲಿಗಳ ಮೂತಿ ಕಿತ್ತು, ಖಾಲಿಯಾದಷ್ಟು ಜಾಗಕ್ಕೆ ನೀರು ತುಂಬಿ, ಕುಲುಕಿ ಇಟ್ಟುಬಿಟ್ಟೆ. ನನ್ನ ಹತ್ತಿರ ಇದ್ದ ಎಲ್ಲ ಬಾಟಲಿಗೂ. ಮೊದಮೊದಲು ಭಾಳ ಚೆನ್ನಾಗಿ ಹರಿಯಿತು. ಆಮೇಲೆ ಒಂದು ದಿನ ನಮ್ಮ ಅವ್ವ ಬಾಗಿಲಲ್ಲೇ ನಿಂತು, "ಏನ್ ನಾತ ಇದು, ಇಲಿ ಗಿಲಿ ಸತ್ತೈತೇನು ನೋಡು" ಅಂದಳು. ಬಿಳಿ ಬಣ್ಣದ ಬಾಟಲಿ ತೆಗೆದು ಮೂಸಿದೆ. ಕೊಳೆತ ಮೊಟ್ಟೆ ವಾಸನೆ.

ಯಾಕೆ ಹೀಗಾಯಿತು ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಇದು ಗೊತ್ತಾದರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ.

ಅಕ್ರಿಲಿಕ್ ಬಣ್ಣದಲ್ಲಿ ಮುಖ್ಯವಾಗಿ ಮೂರು ವಸ್ತು. ಬಣ್ಣದ ಪುಡಿ, ಅದನ್ನು ಹಿಡಿದಿಡುವ ಅಕ್ರಿಲಿಕ್ ಅಂಟು, ಮತ್ತೆ ನೀರು. ಅಂಟು ನೀರಿನಲ್ಲಿ ಕರಗಿರುವುದಿಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ತೇಲುತ್ತಿರುತ್ತದೆ. ನೀರು ಆರಿದಾಗ ಆ ಕಣಗಳು ಒಂದಕ್ಕೊಂದು ಒತ್ತಿ ಬೆಸೆದು ಪೊರೆಯಾಗುತ್ತವೆ. ಒಮ್ಮೆ ಪೊರೆಯಾದ ಮೇಲೆ ಮತ್ತೆ ನೀರು ಹಾಕಿದರೂ ಅದು ಬಣ್ಣವಾಗುವುದಿಲ್ಲ. ಇದಲ್ಲದೆ, ಕೆಡದಿರಲಿ ಅಂತ ಕಂಪನಿಯವರು ಸ್ವಲ್ಪ ಸಂರಕ್ಷಕವನ್ನೂ ಹಾಕಿರುತ್ತಾರೆ. ಅದರ ಅಳತೆ ಆ ಬಾಟಲಿಯಲ್ಲಿರುವ ಬಣ್ಣಕ್ಕೆ ತಕ್ಕಂತೆ ಇರುತ್ತದೆ.

ನಾನು ನೀರು ಸುರಿದಾಗ ಆ ಸಂರಕ್ಷಕ ತೆಳುವಾಯಿತು. ಜೊತೆಗೆ ನಾನು ಹಾಕಿದ್ದು ಎಂಥ ನೀರು? ನಮ್ಮ ಓಣಿಯಲ್ಲಿ ಮಲಪ್ರಭೆ ನೀರು ನಳಕ್ಕೆ ದಿನಾ ಬರುತ್ತಿರಲಿಲ್ಲ. ಬಂದ ದಿನ ಟಾಕಿ ತುಂಬಿಸಿ ಮುಂದಿನ ಪಾಳಿಯವರೆಗೆ ಅದನ್ನೇ ಬಳಸುತ್ತಿದ್ದೆವು. ಹಾಗೆ ನಿಂತ ನೀರಿನಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ, ಸೂಕ್ಷ್ಮಜೀವಿಗಳಿಗೆ ಅಡ್ಡಿಯೇ ಇರುವುದಿಲ್ಲ. ಅವುಗಳನ್ನು ನಾನೇ ಬಾಟಲಿಯೊಳಗೆ ಬಿಟ್ಟು, ಮುಚ್ಚಳ ಹಾಕಿ, ಬೆಚ್ಚಗಿನ ಕೋಣೆಯಲ್ಲಿ ಇಟ್ಟಿದ್ದೆ. ಬೋರ್ ನೀರು ಹಾಕಿದ್ದರೆ ಇನ್ನೊಂದು ತೊಂದರೆ ಸೇರುತ್ತಿತ್ತು. ಸವಳು ನೀರಿನ ಸುಣ್ಣ ಒಣಗಿದ ಮೇಲೆ ಬೆಳ್ಳಗೆ ಉಳಿಯುತ್ತದೆ. ಕಪ್ಪು, ಕಡುನೀಲಿ ಬಣ್ಣದ ಮೇಲೆ ಎದ್ದು ಕಾಣುತ್ತದೆ.

ವಾಸನೆಗಿಂತ ದೊಡ್ಡ ಪೆಟ್ಟು ಬೊಂಬೆಗಳಿಗೆ ಬಿತ್ತು. ನೀರು ಜಾಸ್ತಿಯಾದಾಗ ಅಂಟಿನ ಕಣಗಳು ದೂರ ದೂರವಾಗುತ್ತವೆ, ಪೊರೆ ಗಟ್ಟಿಯಾಗಿ ಕೂಡುವುದಿಲ್ಲ. ಹಚ್ಚಿದಾಗ ಚೆನ್ನಾಗೇ ಕಂಡಿತು. ಪ್ಯಾಕ್ ಮಾಡಲು ಕೈಗೆತ್ತಿಕೊಂಡಾಗ ಅಂಗಿಯ ಮಡಿಕೆ, ಕತ್ತಿಯ ಹಿಡಿ, ಟೊಪ್ಪಿಗೆಯ ಅಂಚು, ಹೀಗೆ ಎಲ್ಲೆಲ್ಲಿ ಬೆರಳು ತಾಗಿತೋ ಅಲ್ಲೆಲ್ಲ ಬಣ್ಣ ಕಿತ್ತು ಬಂತು. ಇಡೀ ಸೆಟ್ಟನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಉಜ್ಜಿ ತೆಗೆದೆ. ಮುಂಗಡ ವಾಪಸ್ ಕೊಟ್ಟೆ, ಬಾಟಲಿಗಳನ್ನೆಲ್ಲ ಎಸೆದೆ.

ಇಷ್ಟೆಲ್ಲ ಆಗದೇ ಇದ್ದರೂ ಬಾಟಲಿಯಲ್ಲಿ ತೆಳು ಮಾಡಿಡುವ ಯೋಚನೆಯೇ ತಪ್ಪು ಅನ್ನುತ್ತೇನೆ. ಒಂದೇ ಕೆಂಪು ಬಣ್ಣಕ್ಕೂ ಮೊದಲ ಪದರಕ್ಕೆ ಒಂದು ಹದ ಬೇಕು, ಅದರ ಮೇಲಿನ ಪದರಕ್ಕೆ ಇನ್ನೊಂದು, ನೆರಳಿನ ಗ್ಲೇಜ್‌ಗೆ, ಅಂದರೆ ಕೆಳಗಿನ ಬಣ್ಣ ಕಾಣುವಷ್ಟು ತೆಳುವಾದ ಪದರಕ್ಕೆ, ಮತ್ತೊಂದು. ನಾನು ಮೊದಲ ಪದರಕ್ಕೆ ಎರಡು ಹನಿ ಬಣ್ಣಕ್ಕೆ ಒಂದು ಹನಿ ನೀರಿನಿಂದ ಶುರು ಮಾಡುತ್ತೇನೆ. ಗ್ಲೇಜ್‌ಗೆ ಬಣ್ಣಕ್ಕಿಂತ ಮೀಡಿಯಮ್ಮೇ (ಬಣ್ಣದ ಪುಡಿ ಇಲ್ಲದ ಅಕ್ರಿಲಿಕ್ ಅಂಟಿನ ದ್ರವ) ಜಾಸ್ತಿ. ಬಿಳಿ, ಹಳದಿ ಬೇರೆಯೇ ರೀತಿ ನಡೆದುಕೊಳ್ಳುತ್ತವೆ. ಬಾಟಲಿಗೆ ಹಾಕಿದ ನೀರನ್ನು ಮತ್ತೆ ತೆಗೆಯಲು ಬರುತ್ತದಾ?

"ಹಾಲಿನಷ್ಟು ತೆಳು ಇರಬೇಕು" ಅಂತ ಎಲ್ಲ ವಿಡಿಯೋದಲ್ಲೂ ಹೇಳುತ್ತಾರೆ. ಗೌಳಿಗರ ಎಮ್ಮೆ ಹಾಲೂ ಹಾಲೇ, ಪಾಕೀಟಿನ ಹಾಲೂ ಹಾಲೇ, ಎರಡರ ಹದ ಒಂದೇನಾ? ಆ ಮಾತು ಬಿಡಿ. ಹೆಬ್ಬೆರಳಿನ ಉಗುರಿನ ಮೇಲೆ ಒಂದು ಗೆರೆ ಎಳೆಯಿರಿ. ಬ್ರಶ್ ಕೂದಲಿನ ಗೀರು ಉಳಿದರೆ ಇನ್ನೂ ದಪ್ಪ. ಉಗುರಿನ ಅಂಚಿಗೆ ಓಡಿಹೋಗಿ ನಿಂತರೆ ತೀರಾ ತೆಳು. ಎಳೆದಲ್ಲೇ ನಿಂತರೆ ಬೊಂಬೆಗೆ ಹಚ್ಚಿ. ಮಾತು ಬಂದಿದ್ದಕ್ಕೆ ಹೇಳುತ್ತೇನೆ, ಬ್ರಶ್ ಚೂಪು ಮಾಡಲು ತುಟಿಗೆ ಇಡುವ ರೂಢಿ ಇದ್ದರೆ ಇವತ್ತೇ ಬಿಡಿ. ಕೆಲವು ಬಣ್ಣಗಳಲ್ಲಿ ಕ್ಯಾಡ್ಮಿಯಂ ಇರುತ್ತದೆ.

ನಿಮ್ಮ ನಿಜವಾದ ಸಮಸ್ಯೆ ಬಿಸಿಲು. ಅದಕ್ಕೆ ಥಿನ್ನರ್ ಔಷಧ ಅಲ್ಲ, ವೆಟ್ ಪ್ಯಾಲೆಟ್ ಬೇಕು, ಅಂದರೆ ಬಣ್ಣ ಒಣಗದಂತೆ ಅಡಿಯಿಂದ ಒದ್ದೆಯಾಗಿರುವ ಪ್ಯಾಲೆಟ್. ದುಡ್ಡು ಕೊಟ್ಟು ತರಿಸಬೇಡಿ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಸಾಕು. ಒಳಗೆ ಪಾತ್ರೆ ತಿಕ್ಕುವ ತೆಳು ಸ್ಪಂಜು ಹಾಸಿ ಒದ್ದೆ ಮಾಡಿ, ಮೇಲೆ ಬೇಕಿಂಗ್ ಪೇಪರ್ ಹಾಕಿ. ನೀರು ಸ್ಪಂಜಿನ ಮೇಲೆ ನಿಲ್ಲಬಾರದು. ಸ್ಟೇಷನರಿ ಅಂಗಡಿಯಲ್ಲಿ ಬಟರ್ ಪೇಪರ್ ಅಂತ ಕೊಡುವುದು ಹೆಚ್ಚಾಗಿ ಟ್ರೇಸಿಂಗ್ ಹಾಳೆ, ಅದು ನೀರು ಕುಡಿದು ಮುದುಡುತ್ತದೆ. ಬೇಕರಿ ಸಾಮಾನು ಮಾರುವವರಲ್ಲಿ ಕೇಳಿ. ಈ ಡಬ್ಬಿಯಲ್ಲಿ ಬೆರೆಸಿದ ಬಣ್ಣ ಮುಚ್ಚಿಟ್ಟರೆ ಮರುದಿನವೂ ಬಳಸಬಹುದು. ಬೆಳ್ಳಿ, ಬಂಗಾರದ ಬಣ್ಣ ಮಾತ್ರ ಇದರಲ್ಲಿ ಹಾಕಬೇಡಿ, ಅದರ ಮಿಂಚಿನ ಚೂರು ಹರಡಿ ಬೇರೆ ಬಣ್ಣಕ್ಕೆ ಸೇರುತ್ತದೆ. ಕೆಲಸ ಮಾಡುವಾಗ ಫ್ಯಾನ್ ನೇರ ಮೈಮೇಲೆ ಬೇಡ. ನಾನು ಬೇಸಿಗೆಯಲ್ಲಿ ಬೆಳಗಿನ ಹೊತ್ತೇ ಕೂಡುತ್ತೇನೆ.

ಬಣ್ಣ ನಿಧಾನವಾಗಿ ಆರುವಂತೆ ಮಾಡುವ ರಿಟಾರ್ಡರ್ ಬಗ್ಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಒಂದು ಹನಿ ಸರಿ, ಜಾಸ್ತಿಯಾದರೆ ಬಣ್ಣ ಅಂಟಂಟಾಗಿಯೇ ಉಳಿಯುತ್ತದೆ.

ಮಳೆಗಾಲದಲ್ಲಿ ಕಥೆ ಬೇರೆ. ಧಾರವಾಡದ ಕಡೆ ಜಿಟಿಜಿಟಿ ಹಿಡಿದಾಗ ಬಣ್ಣ ಬೇಗ ಆರುವುದಿಲ್ಲ, ವೆಟ್ ಪ್ಯಾಲೆಟ್‌ನಲ್ಲಿ ಬೂಸರು ಬರುತ್ತದೆ. ಸ್ಪಂಜು ಆಗಾಗ ತೊಳೆಯಿರಿ, ಅದರ ಕೆಳಗೆ ತಾಮ್ರದ ತಂತಿ ಚೂರು ಇಡಿ, ಬೂಸರು ಕಡಿಮೆಯಾಗುತ್ತದೆ. ಸ್ಪ್ರೇ ವಾರ್ನಿಶ್ ಆ ದಿನಗಳಲ್ಲಿ ಮುಟ್ಟಲೇಬೇಡಿ, ಬೊಂಬೆಯ ಮೇಲೆ ಮಂಜು ಕವಿದಂತೆ ಬೆಳ್ಳಗಾಗುತ್ತದೆ.

ಹಾರ್ಡ್‌ವೇರ್ ಅಂಗಡಿಯ ಥಿನ್ನರ್ ಎನಾಮೆಲ್‌ಗೆ, ಲ್ಯಾಕರ್‌ಗೆ ಮಾಡಿದ್ದು. ಅಕ್ರಿಲಿಕ್‌ಗೆ ಹಾಕಿದರೆ ಬಣ್ಣ ಒಡೆದು ಗಂಟಾಗುತ್ತದೆ. ಫೆವಿಕ್ರಿಲ್ ಇದೆ ಅಂದಿದ್ದೀರಿ. ಅದು ಬಟ್ಟೆಯ ಮೇಲೂ ಬಳಿಯಲು ಮಾಡಿದ ಬಣ್ಣ, ದಪ್ಪ. ಬೊಂಬೆಯ ಕಾಲಡಿಯ ಕಲ್ಲುಮಣ್ಣಿಗೆ ಅದನ್ನೇ ಬಳಸಿ, ಮುಖಕ್ಕೆ ಬೇಡ.

ಈಗ ನಿಮ್ಮ ದಪ್ಪಗಾದ ಬಾಟಲಿಗಳು. ಮೊದಲು ಮುಚ್ಚಳ ತೆಗೆದು ಮೂಸಿ. ಕೊಳೆತ ವಾಸನೆ ಬಂದರೆ ಎಸೆಯಿರಿ, ಆಸೆ ಇಟ್ಟುಕೊಳ್ಳಬೇಡಿ. ವಾಸನೆ ಇಲ್ಲದಿದ್ದರೆ ಟೂತ್‌ಪಿಕ್ ಹಾಕಿ ತಿರುವಿ. ರಬ್ಬರ್ ಥರ ಗಂಟು ಬಂದರೆ ಅಷ್ಟು ಭಾಗ ಪೊರೆಯಾಗಿ ಮುಗಿದಿದೆ, ಅದನ್ನು ತೆಗೆದುಹಾಕಿ. ಬರೀ ದಪ್ಪಗಾಗಿದ್ದರೆ ಆ ಕಂಪನಿಯದೇ ಥಿನ್ನರ್ ಮೀಡಿಯಮ್ ಒಂದೊಂದೇ ಹನಿ ಹಾಕಿ ಕುಲುಕಿ. ಬಾಟಲಿಯೊಳಗೆ ಏನಾದರೂ ಹಾಕಬಹುದಾದ ಸಂದರ್ಭ ಇದೊಂದೇ, ಯಾಕಂದರೆ ಆ ಮೀಡಿಯಮ್‌ನಲ್ಲಿ ಅಂಟೂ ಇರುತ್ತದೆ. ಮೀಡಿಯಮ್ ಸಿಗದಿದ್ದರೆ ಬ್ಯಾಟರಿ ಅಂಗಡಿಯಲ್ಲಿ ಇನ್ವರ್ಟರ್‌ಗೆ ಕೊಡುವ ಡಿಸ್ಟಿಲ್ಡ್ ವಾಟರ್ ತನ್ನಿ, ಒಂದೆರಡು ಹನಿ ಮೀರಬೇಡಿ. ಲೇಬಲ್ ಓದಿ ತನ್ನಿ, ಅದೇ ಅಂಗಡಿಯಲ್ಲಿ ಆಸಿಡ್ಡೂ ಇರುತ್ತದೆ. ಕುಲುಕಲು ಒಳಗೆ ಗುಂಡು ಹಾಕುವುದಾದರೆ ಗಾಜಿನ ಮಣಿ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಗುಂಡು ಹಾಕಿ. ಸೈಕಲ್ ಬೇರಿಂಗ್ ಗುಂಡು ತುಕ್ಕು ಹಿಡಿದು ಬಿಳಿ ಬಣ್ಣವನ್ನು ಕಂದು ಮಾಡುತ್ತದೆ. ಕೆಲಸ ಮುಗಿದ ಮೇಲೆ ಮೂತಿಯನ್ನು ಒರೆಸಿ, ಗುಂಡುಸೂಜಿಯಿಂದ ರಂಧ್ರ ಬಿಡಿಸಿ, ಬಿಗಿಯಾಗಿ ಮುಚ್ಚಿ, ಮನೆಯ ತಂಪಾದ ಕೋಣೆಯ ಕಪಾಟಿನಲ್ಲಿಡಿ.