ಆರು ದೇಶದ ರೆಡ್ ವೈನ್‌ಗಳಿಗೆ ಅಂಕ ಹಾಕಲು ಹೊರಟವರಿಗೆ

ಫ್ರಾನ್ಸ್, ಇಟಲಿ, ಸ್ಪೇನ್, ಆಸ್ಟ್ರೇಲಿಯ, ಅರ್ಜೆಂಟೀನಾ, ನಮ್ಮ ನಂದಿ ಬೆಟ್ಟ: ಒಂದೊಂದು ಕಡೆಯಿಂದ ಒಂದೊಂದು ಬಾಟಲಿ ತಂದು, ನೂರಕ್ಕೆ ಅಂಕ ಹಾಕಿ, ಯಾವ ಪ್ರದೇಶ ಮೇಲು ಎಂದು ತೀರ್ಮಾನಿಸುವುದು ಹೇಗೆಂದು ಕೇಳಿದ್ದೀರಿ. ಬೇಡ, ಬಿಟ್ಟುಬಿಡಿ. ಇದೇ ಕೆಲಸವನ್ನು ನಾನು ಮಾಡಿದ್ದೆ, ಅದೂ ಇನ್ನೊಬ್ಬರ ದುಡ್ಡಿನಲ್ಲಿ.

ಗೆಳೆಯನೊಬ್ಬ ಬೆಂಗಳೂರಿನಲ್ಲಿ ರೆಸ್ಟೋರೆಂಟ್ ತೆರೆಯುವವನಿದ್ದ. ವೈನ್ ಪಟ್ಟಿ ಆರಿಸುವ ಹೊಣೆ ನನ್ನ ಹೆಗಲಿಗೆ ಬಿತ್ತು. ಬಾಟಲಿಗಳಿಗೆ ಕಾಗದ ಸುತ್ತಿ, ಯಾವುದು ಯಾವ ಊರಿನದೆಂದು ಯಾರಿಗೂ ತಿಳಿಯದಂತೆ ಸುರಿದೆ. 1976ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಂಚ್ ತೀರ್ಪುಗಾರರು ಹೀಗೆ ಲೇಬಲ್ ನೋಡದೆ ರುಚಿ ನೋಡಿ ಕ್ಯಾಲಿಫೋರ್ನಿಯದ ಕ್ಯಾಬರ್ನೆ ದ್ರಾಕ್ಷಿಯ ವೈನಿಗೆ ಮೊದಲ ಸ್ಥಾನ ಕೊಟ್ಟಿದ್ದರಲ್ಲ, ಅಷ್ಟೇ ನ್ಯಾಯವಾಗಿ ನಡೆಸುತ್ತಿದ್ದೇನೆ ಎಂಬ ಜಂಬ ನನಗೆ.

ಎಡವಿದ್ದು ಇಲ್ಲಿ. ವಿದೇಶದ ಬಾಟಲಿಗಳು ಅಂಗಡಿಯ ತಂಪು ಕಪಾಟಿನಿಂದ ನೇರವಾಗಿ ಬಂದಿದ್ದವು. ನಂದಿಯ ಶಿರಾಜ್ (ಶಿರಾಜ್ ಎಂಬ ದ್ರಾಕ್ಷಿಯ ವೈನ್) ಮಾತ್ರ ತೋಟ ನೋಡಲು ಹೋದಾಗ ನಾನೇ ಕೊಂಡು ತಂದದ್ದು, ಅಡುಗೆಮನೆಯ ಅಟ್ಟದಲ್ಲಿತ್ತು. ಏಪ್ರಿಲ್ ತಿಂಗಳು. ರೆಡ್ ವೈನನ್ನು ಫ್ರಿಜ್‌ನಲ್ಲಿ ಇಡಬಾರದು ಎಂದು ಎಲ್ಲೋ ಓದಿದ್ದೆ. ಅದು ಯುರೋಪಿನ ತಣ್ಣನೆಯ ಕಲ್ಲುಮನೆಗಳಿಗೆ ಸರಿ, ನಮ್ಮ ಬೇಸಿಗೆಗಲ್ಲ. ರೆಡ್ ವೈನ್ ಕುಡಿಯಬೇಕಾದದ್ದು ಸುಮಾರು 15ರಿಂದ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕಿಂತ ಬಿಸಿಯಾದರೆ ಮದ್ಯಸಾರ ಹೆಚ್ಚು ಆವಿಯಾಗಿ ಮೊದಲು ಮೂಗಿಗೆ ಅದರ ಘಾಟೇ ಹೊಡೆಯುತ್ತದೆ, ಹಣ್ಣಿನ ಪರಿಮಳ ಅದರಡಿ ಮುಚ್ಚಿಹೋಗುತ್ತದೆ, ಹುಳಿ ಮಂಕಾಗುತ್ತದೆ. ತೀರಾ ತಣ್ಣಗಾದರೆ ಒಗರು ಎದ್ದು, ಬಾಳೆಕಾಯಿ ಕಚ್ಚಿದ ಹಾಗೆ ನಾಲಿಗೆ ಹಿಡಿಯುತ್ತದೆ. ಆ ರಾತ್ರಿ ನಾವು ಹೋಲಿಸಿದ್ದು ಪ್ರದೇಶಗಳನ್ನಲ್ಲ, ಅಟ್ಟವನ್ನೂ ಕಪಾಟನ್ನೂ. ಕಾಗದ ಸುತ್ತಿ ಹೆಸರು ಮುಚ್ಚಬಹುದು, ಬಿಸಿಯನ್ನು ಮುಚ್ಚಲಾಗುವುದಿಲ್ಲ.

ನಂದಿಗೆ ಎಲ್ಲರೂ ಕೊನೆಯ ಅಂಕ ಕೊಟ್ಟೆವು. ಗೆಳೆಯ ನನ್ನ ಮಾತು ನಂಬಿ ದೇಶಿ ವೈನ್‌ಗಳನ್ನೆಲ್ಲ ಪಟ್ಟಿಯಿಂದ ತೆಗೆದು, ವಿದೇಶದ್ದನ್ನೇ ಪೆಟ್ಟಿಗೆಗಟ್ಟಲೆ ತರಿಸಿದ. ಆಗ ಆಮದು ವೈನಿನ ಮೇಲೆ ಶೇ 150ರಷ್ಟು ಮೂಲ ಸುಂಕ. ಅದರ ಮೇಲೆ ರಾಜ್ಯದ ತೆರಿಗೆ, ಅದರ ಮೇಲೆ ಇವನ ಲಾಭ. ಊಟಕ್ಕೆ ಬಂದವರು ಬೆಲೆ ನೋಡಿ ಬಿಯರ್ ತರಿಸಿಕೊಂಡರು. ದುಡ್ಡು ಬಾಟಲಿಗಳಲ್ಲೇ ಕೂತಿತು. ಕೆಲವು ತಿಂಗಳ ಮೇಲೆ ಪರಿಚಿತರೊಬ್ಬರ ಮನೆಯಲ್ಲಿ ಅದೇ ಶಿರಾಜ್ ಅನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ಕೊಟ್ಟರು. ನೇರಳೆ ಹಣ್ಣು, ಕಾಳುಮೆಣಸು, ಹದವಾದ ಹುಳಿ. ನನಗೆ ಮುಖ ಎತ್ತಲಾಗಲಿಲ್ಲ.

ಆದ್ದರಿಂದ ಆರು ದೇಶ ಬೇಡ. ಒಂದೇ ದ್ರಾಕ್ಷಿ ತಳಿ, ಎರಡು ಊರು ಸಾಕು. ಶಿರಾಜ್ ಹಿಡಿಯಿರಿ: ಫ್ರಾನ್ಸ್‌ನ ಉತ್ತರ ರೋನ್ ಕಣಿವೆಯದೊಂದು (ಅಲ್ಲಿ ಸಿರಾ ಎನ್ನುತ್ತಾರೆ), ಆಸ್ಟ್ರೇಲಿಯದ ಬರೋಸಾದ್ದೊಂದು. ಕಾಳುಮೆಣಸಿಗೆ ಘಮ ಕೊಡುವ ರೊಟುಂಡೋನ್ ಎಂಬ ಸಂಯುಕ್ತವೇ ಈ ದ್ರಾಕ್ಷಿಯ ಸಿಪ್ಪೆಯಲ್ಲೂ ಇದೆ. ತಂಪು ಸೀಮೆಯಲ್ಲಿ ಅದು ಹೆಚ್ಚು, ಬಿಸಿಲ ಸೀಮೆಯಲ್ಲಿ ಕಡಿಮೆ. ರೋನ್‌ನದನ್ನು ಮೂಸಿದರೆ ಮೆಣಸು ಸಿಗುತ್ತದೆ, ಬರೋಸಾದಲ್ಲಿ ಕಳಿತ ಹಣ್ಣು. ಪ್ರದೇಶ ಎಂದರೆ ಏನೆಂಬುದು ಆಗ ಮೂಗಿಗೇ ತಿಳಿಯುತ್ತದೆ. ಆಮೇಲೆ ಬೇಕಿದ್ದರೆ ನಂದಿಯದನ್ನೋ ನಾಸಿಕದ್ದನ್ನೋ ಪಕ್ಕದಲ್ಲಿಡಿ. ನಮ್ಮಲ್ಲಿ ಬಳ್ಳಿಗೆ ಹಿಮಗಾಲದ ನಿದ್ದೆಯಿಲ್ಲ. ವರ್ಷಕ್ಕೆರಡು ಸಲ ಕತ್ತರಿಸಿ ಒಂದು ಫಸಲು ತೆಗೆಯುತ್ತಾರೆ. ಯುರೋಪಿನಲ್ಲಿ ಹವೆ ತಂಪಾಗುತ್ತಿರುವಾಗ ಕೊಯ್ಲು, ಇಲ್ಲಿ ಬೇಸಿಗೆ ಏರುತ್ತಿರುವಾಗ. ಇಷ್ಟು ಬೇರೆಯಾಗಿ ಬೆಳೆದದ್ದಕ್ಕೆಲ್ಲ ಒಂದೇ ಅಳತೆಗೋಲು ಹಿಡಿದು ಎಪ್ಪತ್ತೆಂಟು, ಎಂಬತ್ತೊಂದು ಎಂದು ಬರೆಯುವುದು ಸುಮ್ಮನೆ ಗತ್ತು.

ಬಣ್ಣ ಗಾಢವಾಗಿದ್ದರೆ ವೈನ್ ಗಟ್ಟಿ ಎಂದು ನೀವು ಬರೆದಿರುವುದೂ ತಪ್ಪು. ಇಟಲಿಯ ಬರೋಲೋ ಎಂಬ ರೆಡ್ ವೈನ್ ನೋಡಲು ತೆಳು, ಒಗರಿನಲ್ಲಿ ರಾಕ್ಷಸ.

ರುಚಿ ನೋಡಿದ ಗುಟುಕನ್ನು ಉಗುಳಲೇಬೇಕೇ ಎಂದೂ ಕೇಳಿದ್ದೀರಿ. ಆರು ಬಾಟಲಿಯ ಹಟ ಬಿಡದಿದ್ದರೆ ಉಗುಳಿ, ಮೂರನೆಯದರ ನಂತರ ನಾಲಿಗೆ ಸುಳ್ಳು ಹೇಳುತ್ತದೆ. ಎರಡೇ ಇದ್ದರೆ ಊಟದ ಜೊತೆ ಕುಡಿಯಿರಿ, ಮನೆಗೆ ಆಟೊ ಹಿಡಿಯಿರಿ.