ಒಂದೇ ಡೀಸೆಲ್ ಇಂಜಿನ್ ಪ್ಯಾಸೆಂಜರ್‌ಗೂ ಗೂಡ್ಸ್‌ಗೂ ಹೇಗೆ ಆಗುತ್ತಿತ್ತು?

ನಮ್ಮ ರೈಲ್ವೆಯ ಹಳೇ ಡೀಸೆಲ್ ಇಂಜಿನ್ ಡಬ್ಲ್ಯುಡಿಎಂ-2 ಇವತ್ತು ಪ್ಯಾಸೆಂಜರ್ ಗಾಡಿ, ನಾಳೆ ಗೂಡ್ಸ್ ಎಳೆಯುತ್ತಿತ್ತಲ್ಲ, ಅದು ಹೇಗೆ ಸಾಧ್ಯ ಅಂತ ಕೇಳಿದ್ದೀರಿ. ಅದನ್ನು ಮಾಡಿದ್ದೇ ಹಾಗೆ. ಡಬ್ಲ್ಯು ಅಂದರೆ ಬ್ರಾಡ್‌ಗೇಜ್, ಡಿ ಅಂದರೆ ಡೀಸೆಲ್, ಎಂ ಅಂದರೆ ಮಿಕ್ಸೆಡ್. ಎರಡೂ ಕೆಲಸಕ್ಕೆ ಅಂತ.

ಗುಟ್ಟು ಇರುವುದು ಗೇರ್‌ನಲ್ಲಿ. ಒಳಗಿನ ಡೀಸೆಲ್ ಇಂಜಿನ್ ನೇರವಾಗಿ ಗಾಲಿ ತಿರುಗಿಸುವುದಿಲ್ಲ. ಅದು ಜನರೇಟರ್ ತಿರುಗಿಸುತ್ತದೆ, ಆ ಕರೆಂಟಿನಲ್ಲಿ ಆಕ್ಸಲ್‌ಗೊಂದರಂತೆ (ಆಕ್ಸಲ್ ಅಂದರೆ ಎರಡು ಗಾಲಿ ಕೂಡಿಸುವ ಅಚ್ಚು) ಆರು ಮೋಟರ್ ಓಡುತ್ತವೆ. ಮೋಟರ್‌ಗೂ ಆಕ್ಸಲ್‌ಗೂ ನಡುವೆ ಇರುವುದು ಒಂದೇ ಜೊತೆ ಹಲ್ಲುಚಕ್ರ. ಲಾರಿಯ ಹಾಗೆ ಏರು ಬಂತು ಅಂತ ಗೇರ್ ಬದಲಿಸೋಕೆ ಆಗಲ್ಲ. ಎಳೆತ ಜಾಸ್ತಿ ಬೇಕೋ, ವೇಗ ಜಾಸ್ತಿ ಬೇಕೋ, ಕಾರ್ಖಾನೆಯಲ್ಲೇ ತೀರ್ಮಾನ ಆಗಬೇಕು. ಡಬ್ಲ್ಯುಡಿಎಂ-2ರಲ್ಲಿ ಆಕ್ಸಲ್ ಕಡೆ 65 ಹಲ್ಲು, ಮೋಟರ್ ಕಡೆ 18. ಈ ಲೆಕ್ಕದಲ್ಲಿ ಗಂಟೆಗೆ 120 ಕಿ.ಮೀ. ಓಡುತ್ತಿತ್ತು. ತೂಕ ಸುಮಾರು 113 ಟನ್ ಇದ್ದಿದ್ದರಿಂದ ಗೂಡ್ಸ್ ಎಳೆಯುವಾಗ ಹಳಿಯ ಮೇಲೆ ಹಿಡಿತವೂ ಸಿಗುತ್ತಿತ್ತು. ಅದೇ ವಂಶದ ಗೂಡ್ಸ್ ಇಂಜಿನ್ ಡಬ್ಲ್ಯುಡಿಜಿ-3ಎ ನೋಡಿ: 65ರ ಜಾಗದಲ್ಲಿ 74 ಹಲ್ಲು. ಎಳೆತ ಏರಿತು, ವೇಗ 100ಕ್ಕೆ ಇಳಿಯಿತು.

ಮೊದಲ ಇಂಜಿನ್‌ಗಳು 1962ರಲ್ಲಿ ಅಮೆರಿಕದ ಆಲ್ಕೋ ಕಂಪನಿಯಿಂದ ಬಂದವು. 1964ರಿಂದ ವಾರಾಣಸಿಯಲ್ಲೇ ತಯಾರಾದವು. ಶಕ್ತಿ 2600 ಎಚ್‌ಪಿ. ಸಾಲದಿದ್ದರೆ ಎರಡನ್ನು ಜೋಡಿಸಿ ಮುಂದಿನ ಕ್ಯಾಬ್‌ನಿಂದಲೇ ಎರಡನ್ನೂ ಓಡಿಸಬಹುದಿತ್ತು. ಇಂಜಿನ್‌ಗಳು ಕಡಿಮೆ ಇದ್ದ ಕಾಲದಲ್ಲಿ ಇದು ಎಷ್ಟು ದೊಡ್ಡ ಅನುಕೂಲ ಅಲ್ವಾ! ಪ್ಯಾಸೆಂಜರ್ ತಂದ ಇಂಜಿನ್ ಸುಮ್ನೆ ನಿಲ್ಲಬೇಕಿರಲಿಲ್ಲ, ಗೂಡ್ಸ್ ಹಿಡಿದು ವಾಪಸ್ ಹೋಗುತ್ತಿತ್ತು.

ಚಿಕ್ಕವನಿದ್ದಾಗ ಅರಸೀಕೆರೆ ಸ್ಟೇಷನ್ನಿನಲ್ಲಿ ಅದು ಹೊರಡುವುದನ್ನು ನೋಡಲು ನಿಲ್ಲುತ್ತಿದ್ದೆ. ಡ್ರೈವರ್ ನಾಚ್ (ಇಂಜಿನ್ ಶಕ್ತಿ ಹೆಚ್ಚಿಸುವ ಹಿಡಿಯ ಮೆಟ್ಟಿಲು) ಏರಿಸಿದ ಕೂಡಲೇ ಕಪ್ಪು ಹೊಗೆ ಭುಸ್ಸೆಂದು ಏಳುತ್ತಿತ್ತು. ಡೀಸೆಲ್ ತಕ್ಷಣ ಹೆಚ್ಚುತ್ತದೆ, ಆದರೆ ಇಂಜಿನ್‌ಗೆ ಗಾಳಿ ಒತ್ತಿ ಕೊಡುವ ಟರ್ಬೋ ಗಾಳಿ ತುಂಬಲು ಸ್ವಲ್ಪ ಹೊತ್ತು ಬೇಕು. ಅದಕ್ಕೇ ಆ ಹೊಗೆ. ಆ ಸದ್ದು ನನಗೆ ಇವತ್ತಿಗೂ ಇಷ್ಟ.

ಆಮೇಲೆ ಪ್ಯಾಸೆಂಜರ್‌ಗೇ ಅಂತ ಡಬ್ಲ್ಯುಡಿಪಿ-4 ಬಂತು. ಆರು ಆಕ್ಸಲ್ ಇದ್ದರೂ ಮೋಟರ್ ನಾಲ್ಕಕ್ಕೆ ಮಾತ್ರ. ಉದ್ದದ ಗಾಡಿ ಎಳೆಯುವಾಗ ಗಾಲಿ ಜಾರುತ್ತಿತ್ತು. ಮುಂದೆ ಡಬ್ಲ್ಯುಡಿಪಿ-4ಬಿಯಲ್ಲಿ ಆರಕ್ಕೆ ಆರೂ ಮೋಟರ್ ಕೊಟ್ಟರು. ಹೆಸರಲ್ಲಿ ಪ್ಯಾಸೆಂಜರ್‌ನ ಪಿ ಇದ್ದರೂ ಅದನ್ನು ಗೂಡ್ಸ್ ಮುಂದೆಯೂ ನೋಡಿದ್ದೇನೆ.