ಬರೆಯುವವರೊಡನೆ: ಅಡಿಕೆ ಸುಲಿಯುವ ಅಜ್ಜಿಗೆ ಎಷ್ಟು ವಿಶೇಷಣ ಬೇಕು?

ಪ್ರಶ್ನೆ: ಅಡಿಕೆ ಸುಲಿತದ ದಿನಗಳನ್ನು ಕುರಿತು ಒಂದು ಕಥೆ ಬರೆದಿದ್ದೇನೆ. ಮೊದಲು ಓದಿದವರು ವರ್ಣನೆ ಸಾಲದು ಎಂದರು. ವರ್ಣನೆ ಸೇರಿಸಿದ ಮೇಲೆ ಭಾರವಾಯಿತು ಎನ್ನುತ್ತಿದ್ದಾರೆ. ಒಂದು ವಾಕ್ಯ ಹೀಗಿದೆ: “ಸುಂದರವಾದ, ಹಸಿರಾದ, ರಮಣೀಯವಾದ ತೋಟದ ನಡುವಿನ ಹಳೆಯದಾದ, ಭವ್ಯವಾದ ಮನೆಯ ವಿಶಾಲವಾದ ಅಂಗಳದಲ್ಲಿ ಅಜ್ಜಿ ತನ್ನ ಒರಟಾದ, ಸುಕ್ಕುಗಟ್ಟಿದ, ಪ್ರೀತಿ ತುಂಬಿದ ಕೈಗಳಿಂದ ಅಡಿಕೆ ಸುಲಿಯುತ್ತಿದ್ದಳು.” ನಾನು ತಪ್ಪಿದ್ದೆಲ್ಲಿ?
ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನಿಮ್ಮ ವಾಕ್ಯದಲ್ಲಿ ಒಂಬತ್ತು ವಿಶೇಷಣಗಳಿವೆ. ಅವುಗಳಲ್ಲಿ ಸುಂದರ, ರಮಣೀಯ, ಭವ್ಯ ಎಂಬ ಮೂರನ್ನು ಯಾವ ಊರಿನ ಯಾವ ತೋಟಕ್ಕೆ, ಯಾವ ಮನೆಗೆ ಬೇಕಾದರೂ ಅಂಟಿಸಬಹುದಾದ್ದರಿಂದ ಅವು ನಿಮ್ಮ ಅಜ್ಜಿಯ ಮನೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಅಡಿಕೆ ತೋಟ ಹಸಿರಾಗಿರುತ್ತದೆಂಬುದು ಓದುಗರಿಗೆ ಗೊತ್ತಿರುವ ಸಂಗತಿ. ಎಲೆ ಹಳದಿಯಾಗಿದ್ದರೆ ಮಾತ್ರ ಬಣ್ಣವನ್ನು ಹೇಳಬೇಕಾಗುತ್ತದೆ, ಏಕೆಂದರೆ ಅಲ್ಲಿಂದ ಬೇರೆಯದೇ ಕಥೆ ಶುರುವಾಗುತ್ತದೆ. “ವಾದ” ಎಂಬ ಬಾಲದ ಬಗೆಗೂ ಒಂದು ಮಾತು: ಹಳೆ, ಹೊಸ, ದೊಡ್ಡ, ಚಿಕ್ಕ ಎಂಬ ನಮ್ಮ ಗುಣವಾಚಕಗಳಿಗೆ ಆ ಬಾಲ ಬೇಕಿಲ್ಲ. “ಹಳೆ ಮನೆ” ಎಂದರೆ ಸಾಕು. ಸಾಲುಸಾಲಾಗಿ ಬರುವ “ವಾದ”ಗಳು ಕನ್ನಡ ವಾಕ್ಯದ ಓಟವನ್ನು ಎಷ್ಟು ಕೆಡಿಸುತ್ತವೆ ಎಂಬುದು ಗಟ್ಟಿಯಾಗಿ ಓದಿಕೊಂಡಾಗ ಗೊತ್ತಾಗುತ್ತದೆ.

ಉಳಿದಿರುವುದು ಅಜ್ಜಿಯ ಕೈ, ಮತ್ತು ನಿಮ್ಮ ಕಥೆಯ ಜೀವ ಇರುವುದೂ ಅಲ್ಲಿಯೇ. ಒರಟು, ಸುಕ್ಕು ಎಂಬೆರಡೂ ಯಾವ ಅಜ್ಜಿಯ ಕೈಗಾದರೂ ಸಲ್ಲುತ್ತವೆ, ಆದರೆ ಹಸಿ ಅಡಿಕೆ ಸುಲಿಯುವವರ ಬೆರಳಿಗೆ ಹತ್ತುವ ಕರೆ ಎಲ್ಲರ ಕೈಯಲ್ಲೂ ಇರುವುದಿಲ್ಲ. ಅದು ತೊಳೆದರೆ ಹೋಗುವ ಕಪ್ಪಲ್ಲ, ಸುಲಿತ ಮುಗಿದ ಮೇಲೂ ಉಗುರಿನ ಸಂದಿಯಲ್ಲಿ ಉಳಿಯುತ್ತದೆ. ಇನ್ನು “ಪ್ರೀತಿ ತುಂಬಿದ” ಎಂಬುದು ಓದುಗರು ತಾವೇ ಕಂಡುಕೊಳ್ಳಬೇಕಾದದ್ದನ್ನು ನೀವೇ ಮುಂಚಿತವಾಗಿ ಹೇಳಿಬಿಟ್ಟಂತೆ. ಒಂದು ಪ್ರಯತ್ನವನ್ನು ನಿಮ್ಮ ಮುಂದಿಡುತ್ತೇನೆ: “ಅಜ್ಜಿ ಮೆಟ್ಟುಗತ್ತಿಯ ಮುಂದೆ ಕೂತು ಮೂರು ತಾಸಾಗಿತ್ತು. ನನ್ನನ್ನು ಕಂಡವಳೇ ಕೆನ್ನೆ ಸವರಲು ಕೈ ಚಾಚಿದಳು, ಬೆರಳಿನ ಕರೆಯನ್ನು ನೋಡಿಕೊಂಡು ಅರ್ಧಕ್ಕೆ ನಿಲ್ಲಿಸಿದಳು, ಆಮೇಲೆ ಮಣಿಕಟ್ಟಿನಿಂದ ನನ್ನ ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿದಳು.” ಇದರಲ್ಲಿ ಗುಣವಾಚಕ ಒಂದೂ ಇಲ್ಲ. ಇದೇ ಸರಿ ಎಂದು ನಾನು ಹೇಳುತ್ತಿಲ್ಲ, ನಿಮ್ಮ ಅಜ್ಜಿ ಏನು ಮಾಡುತ್ತಿದ್ದರೆಂಬುದು ನಿಮಗೇ ಹೆಚ್ಚು ಚೆನ್ನಾಗಿ ನೆನಪಿರುತ್ತದೆ.

ಹಾಗೆಂದು ವಿಶೇಷಣವನ್ನೇ ತೊರೆಯಬೇಡಿ. ಒಂದನ್ನು ಇನ್ನೊಂದರಿಂದ ಬೇರ್ಪಡಿಸುವಾಗ ಅದು ಬೇಕೇಬೇಕು: ಹಸಿ ಅಡಿಕೆ ಬೇರೆ, ಒಣ ಅಡಿಕೆ ಬೇರೆ. ಎಷ್ಟೋ ಸಲ ಸರಿಯಾದ ನಾಮಪದ ಸಿಕ್ಕರೆ ಅದರ ಅಗತ್ಯವೂ ತಪ್ಪುತ್ತದೆ. ಶಿವಮೊಗ್ಗದ ಅಡಿಕೆ ಮಾರುಕಟ್ಟೆಯಲ್ಲಿ ಯಾರೂ “ಉತ್ತಮವಾದ ಅಡಿಕೆ”ಯ ದರವನ್ನು ಕೇಳುವುದಿಲ್ಲ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಒಂದೊಂದಕ್ಕೂ ಹೆಸರಿದೆ, ಹೆಸರಿನಲ್ಲೇ ಗುಣವೂ ಇದೆ.

ಪ್ರಶ್ನೆ: ಆಶ್ಲೇಷಾ ಮಳೆಯ ರಾತ್ರಿಯನ್ನು ವರ್ಣಿಸುವಾಗ “ಮಣ್ಣಿನ ಘಮ ಎಲ್ಲೆಡೆ ಹರಡಿತ್ತು” ಎಂದು ಬರೆದೆ. ನಮ್ಮ ತಂದೆಯವರು ಅದು ಸುಳ್ಳು ಎಂದರು. ಪ್ರತಿ ಸನ್ನಿವೇಶದಲ್ಲೂ ಪಂಚೇಂದ್ರಿಯಗಳ ಅನುಭವ ಬರಬೇಕೆಂದು ಕೇಳಿದ್ದೆ, ಅದಕ್ಕಾಗಿ ವಾಸನೆಯನ್ನು ಸೇರಿಸಿದ್ದೆ.
ಓದುಗರೊಬ್ಬರು, ಹೊಸನಗರ

ಉತ್ತರ: ನಿಮ್ಮ ತಂದೆಯವರ ಮಾತು ಸರಿ. ಮಣ್ಣಿನಲ್ಲಿರುವ ಕೆಲವು ಬಗೆಯ ಬ್ಯಾಕ್ಟೀರಿಯಾಗಳು ಜಿಯೋಸ್ಮಿನ್ ಎಂಬ ವಸ್ತುವನ್ನು ಉಂಟುಮಾಡುತ್ತವೆ, ಒಣಗಿ ಕಾದ ನೆಲದ ಮೇಲೆ ಹನಿ ಬಿದ್ದಾಗ ಅದು ಗಾಳಿಗೆ ಸೇರಿ ನಮ್ಮ ಮೂಗನ್ನು ತಲುಪುತ್ತದೆ. ಆ ಘಮ ಬೇಸಿಗೆಯ ಕೊನೆಯ ಮೊದಲ ಮಳೆಗೆ ಸೇರಿದ್ದು. ಆಶ್ಲೇಷಾ ಬರುವುದು ಆಗಸ್ಟ್ ತಿಂಗಳ ಮೊದಲರ್ಧದಲ್ಲಿ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಸೀಮೆಯಲ್ಲಿ ಆ ಹೊತ್ತಿಗೆ ನೆಲ ನೆನೆದು ತಿಂಗಳುಗಳೇ ಕಳೆದಿರುತ್ತವೆ. ಆಗ ಮೂಗಿಗೆ ಸಿಗುವುದು ಒಣಗದ ಬಟ್ಟೆಯ ಮುಗ್ಗಲು, ಒದ್ದೆ ಕಂಬಳಿ, ಬಚ್ಚಲೊಲೆಯ ಹೊಗೆ, ತೋಟಕ್ಕೆ ಹೋದರೆ ಕೊಳೆ ಬಂದು ಉದುರಿದ ಎಳೆ ಅಡಿಕೆ. ಕೊಳೆಗೆ ಔಷಧಿ ಹೊಡೆದು ಬಂದವರ ಅಂಗಿಯ ಮೇಲಿನ ಮೈಲುತುತ್ತದ ನೀಲಿ ಕಲೆಯೊಂದನ್ನು ಕಾಣಿಸಿದರೂ ಓದುಗರಿಗೆ ತಿಂಗಳು ಯಾವುದೆಂದು ತಿಳಿಯುತ್ತದೆ.

ಐದು ಇಂದ್ರಿಯಗಳನ್ನೂ ಎಲ್ಲ ಕಡೆಯೂ ತುಂಬಬೇಕೆಂಬ ನಿಯಮವನ್ನು ನಾನು ಒಪ್ಪುವುದಿಲ್ಲ. ಕರೆಂಟು ಹೋದ ಮಳೆಗಾಲದ ರಾತ್ರಿಯಲ್ಲಿ ಕಣ್ಣಿಗೆ ಕೆಲಸವಿರುವುದಿಲ್ಲವಾದ್ದರಿಂದ ಕಿವಿಯೊಂದನ್ನೇ ನೆಚ್ಚಿ ಬರೆಯಿರಿ. ವ್ಯಾಕರಣಕಾರರು ಅನುಕರಣಾವ್ಯಯ ಎಂದು ಕರೆಯುವ ಪದಗಳು ನಮ್ಮಲ್ಲಿ ಧಾರಾಳವಾಗಿವೆ, ಆದರೆ ಮಳೆಯೆಂದರೆ ಎಲ್ಲ ಕಡೆಯೂ “ಧೋ” ಎನ್ನುವುದು ಸೋಮಾರಿತನ. ತಗಡಿನ ಮೇಲೆ, ಹೆಂಚಿನ ಮೇಲೆ, ಬಾಳೆಯ ಎಲೆಯ ಮೇಲೆ ಬೀಳುವ ಮಳೆಯ ಸದ್ದು ಒಂದೇ ಅಲ್ಲ. ಮಳೆ ನಿಂತ ಮೇಲೆ ಸೂರಿನಿಂದ ತೊಟ್ಟಿಕ್ಕುವ ಹನಿಗಳ ನಡುವಿನ ಬಿಡುವು ಹೆಚ್ಚುತ್ತಾ ಹೋಗುವುದನ್ನೂ ಒಮ್ಮೆ ಕೇಳಿ ನೋಡಿ.

ಪ್ರಶ್ನೆ: ಚೊಗರು, ಹಾಳೆಯಂಥ ಪದಗಳು ಬೇರೆ ಜಿಲ್ಲೆಯವರಿಗೆ ತಿಳಿಯದಿದ್ದರೆ ಅಡಿಟಿಪ್ಪಣಿ ಕೊಡಬೇಕೇ?
ಓದುಗರೊಬ್ಬರು, ಸಾಗರ

ಉತ್ತರ: ಬೇಡ. ಪದವನ್ನು ಕೆಲಸದೊಳಗೆ ಇಟ್ಟು ತೋರಿಸಿ. “ಹಂಡೆಯಲ್ಲಿ ಅಡಿಕೆ ಬೆಂದಂತೆ ಚೊಗರು ಕೆಂಪೇರಿತು, ಸೌಟಿನಿಂದ ಸಿಡಿದ ಒಂದು ಹನಿ ಅವನ ಬಿಳಿ ಪಂಚೆಯಲ್ಲಿ ಶಾಶ್ವತವಾಗಿ ಉಳಿಯಿತು” ಎಂದು ಬರೆದರೆ, ಚೊಗರನ್ನು ಎಂದೂ ನೋಡದ ಕಲಬುರಗಿಯ ಓದುಗರಿಗೂ ಅದರ ಬಣ್ಣ, ಅಂಟು ಎರಡೂ ತಿಳಿಯುತ್ತವೆ.